ಸುರಗಿಯೂ ಅಪ್ಪನ ಕತ್ತಿಯೂ

ಗೆಳೆಯರೇ, ಸುರಗಿ ಅಂದರೆ ಏನು? ಗೊತ್ತಿರುವವರು ಹೂವು ಅಂತೀರಿ. ಸರಿಯೇ, ಮಲೆನಾಡಿನ ಆ ಹೂವು ಒಣಗಿದರೂ ವಾಸನೆ ಹೋಗಲ್ವಂತೆ. ಆದರೆ ಕುಮಾರವ್ಯಾಸನ ಭಾರತದ ಯುದ್ಧದಲ್ಲಿ ಸುರಗಿ ಬಂದರೆ ಅದು ಹೂವಲ್ಲ, ಕಿರುಗತ್ತಿ. ಈಗ ಯಾರೂ ಆ ಅರ್ಥದಲ್ಲಿ ಆಡಲ್ಲ. ‘ಕಠಾರಿ’ಯಾದರೂ ರಾಜ್‌ಕುಮಾರ್ ಅವರ 1966ರ ‘ಕಠಾರಿವೀರ’ ಸಿನಿಮಾದ ಹೆಸರಿನಲ್ಲಿ ಉಳಿದಿದೆ.

ನಮ್ಮ ಕನ್ನಡ ಮೇಷ್ಟ್ರು ನಿಘಂಟು ತೆಗೆದು ತೋರಿಸಿದರು. ಸಂಸ್ಕೃತದಲ್ಲಿ ‘ಕ್ಷುರ’ ಅಂದರೆ ಕೂದಲು ತೆಗೆಯುವ ಕತ್ತಿ. ಅದರಿಂದ ‘ಕ್ಷುರಿಕಾ’, ಅಂದರೆ ಚಿಕ್ಕ ಕತ್ತಿ. ಅದು ಕನ್ನಡದವರ ಬಾಯಲ್ಲಿ ಸವೆದು ಸುರಗಿ ಆಯ್ತು. ನಾವು ಈರುಳ್ಳಿ ಹೆಚ್ಚುವ ಚೂರಿಯೂ ಅದೇ ಮನೆಯದು. ಕ್ಷೌರ ಅನ್ನೋ ಮಾತೂ ಅಲ್ಲಿಂದಲೇ ಬಂದಿದ್ದು.

ಇದನ್ನು ಯಾಕೆ ಬರೆದೆ ಅಂದರೆ, ನಮ್ಮಪ್ಪಂದು ಹಿನಕಲ್‌ನಲ್ಲಿ ಕ್ಷೌರದಂಗಡಿ. ಅದನ್ನೇ ಹಿಡಿದು ಕೆಲವರು ನನ್ನನ್ನು ಆಡಿಕೊಳ್ಳುತ್ತಾರೆ. ಹೆಸರು ಬರೆಯಲ್ಲ. ಅವರೂ ತಿಂಗಳಿಗೊಂದು ಸಲ ಅಪ್ಪನ ಮುಂದೆ ತಲೆ ಬಗ್ಗಿಸಿ ಕೂರೋರೇ! ಕೇಳಿ, ಕಾವ್ಯದ ವೀರರು ಹಿಡಿದ ಸುರಗಿಗೂ ಅಪ್ಪನ ಕೈಲಿರೋ ಕತ್ತಿಗೂ ಬೇರು ಒಂದೇ. ಅದರಲ್ಲೂ ಕ್ಷುರವೇ ತಾಯಿ, ಸುರಗಿ ಮಗಳು.

ರಾತ್ರಿ ಅಂಗಡಿ ಮುಚ್ಚೋ ಹೊತ್ತಿಗೆ ಅಪ್ಪಂಗೆ ಇದನ್ನೆಲ್ಲ ಹೇಳಿದೆ. ಅವರು ಕತ್ತಿಯಿಂದ ಹಳೇ ಬ್ಲೇಡು ತೆಗೆಯುತ್ತಾ ಸುಮ್ಮನೆ ಕೇಳಿದರು. ಆಮೇಲೆ, “ನಿಮ್ಮ ತಾತ ಸಾಣೆ ಹಿಡೀತಿದ್ದ ಕತ್ತಿ ಪೆಟ್ಟಿಗೇಲಿ ಅದೆ ಕಣ್ಲಾ. ತುಕ್ಕು ಹಿಡಿದಿರ್ತದೆ. ಭಾನುವಾರ ತೆಗೆದು ನೋಡ್ವ” ಅಂದರು.