ಹೊಸಬರಿಗೆ ಬಿಜಿಎಂಐ: ಮೊದಲು ಕಲಿಯಬೇಕಾದ 10 ಸೆಕೆಂಡ್

1/4

ದೋಸ್ತರ, ಹೋದ ವಾರ ನಮ್ಮ ಕ್ಲಾಸಿನ ಇಬ್ಬರು ಮೆಸೇಜ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಬಿಜಿಎಂಐ ಈಗ ಶುರು ಮಾಡೀವಿ, ಲಗೂನ ಕಲಿಯೋದು ಹ್ಯಾಂಗ?" ಯಾವ ಸೆಟ್ಟಿಂಗ್, ಯಾವ ಗನ್ ಅಂತ ಹೇಳೋರು ಬೇಕಾದಷ್ಟು ಮಂದಿ ಇದ್ದಾರೆ. ಅದನ್ನೂ ಹೇಳ್ತೀನಿ. ಆದ್ರೆ ಒಬ್ಬ ಹೊಸ ಹುಡುಗನಿಗೆ ನಾನು ಹೇಗೆ ಕಲಿಸಬಾರದೋ ಹಾಗೆ ಕಲಿಸಿದ್ದೆ. ಅದನ್ನೂ ಹೇಳಬೇಕು.

2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ಬ್ಯಾನ್ ಆಯ್ತು. 2021ರ ಜುಲೈ 2ಕ್ಕೆ ಬಿಜಿಎಂಐ ಬಂತು. ಜುಲೈ 19ಕ್ಕೆ ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ! ಅವ್ವನ ಕಣ್ಣು ತಪ್ಪಿಸಿ ಅನಗವಾಡಿಯ ಮನಿ ಮಾಳಿಗಿ ಮ್ಯಾಲ ಕುಂತು ಆಡಿದೆ. ಮೊದಲ ಮ್ಯಾಚ್‌ಗಳಲ್ಲೇ ನಾಲ್ಕೈದು ಕಿಲ್. ನಾನೇ ಹುಲಿ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಹೊಸಬರ ಎದುರಿಗೆ ಆಟ ಬಿಡೋದು ಹೆಚ್ಚಾಗಿ ಬಾಟ್‌ಗಳನ್ನ, ಅಂದ್ರೆ ಕಂಪ್ಯೂಟರ್ ಆಡಿಸೋ ಗೊಂಬೆಗಳನ್ನ. ನಿಜವಾದ ಮಂದಿ ಎದುರಾದ ದಿನ, ಇಳಿದ ಒಂದೇ ನಿಮಿಷಕ್ಕೆ ಸತ್ತು ಲಾಬಿಗೆ ವಾಪಸ್. ಗುರುತಿಲ್ಲದ ಯಾರೋ ಮೈಕ್‌ನಲ್ಲಿ ಬೈದದ್ದು ಇನ್ನೂ ಕಿವಿಯಲ್ಲಿದೆ.

2/4

ಈಗ ಪಾಠ. ಎರಾಂಗಲ್ ಮ್ಯಾಪ್ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ. 100 ಮಂದಿ, ನಾಲ್ಕು ನಾಲ್ಕು ಜನರಂತೆ 25 ತಂಡ. ಗೆಲ್ಲೋದು ಒಂದೇ. ಬಿಕಾಂನವರಿಗೆ ಇದು ಬೇಗ ತಿಳಿಯುತ್ತೆ: ಜೀವ ಬಂಡವಾಳ, ಕಿಲ್ ಲಾಭ. ಬಂಡವಾಳವೇ ಮುಳುಗಿದ ಮೇಲೆ ಲಾಭದ ಲೆಕ್ಕ ಯಾರು ಬರೀತಾರ್ರೀ?

• ಪೊಚಿಂಕಿಗೆ ಹಾರಬೇಡಿ. ಮ್ಯಾಪಿನ ನಡುವಿನ ಊರು ಅದು, ಸಂತಿ ಕೂಡಿದ್ಹಾಂಗ ಮಂದಿ ಇಳೀತಾರೆ. ವಿಮಾನದ ದಾರಿಯಿಂದ ದೂರ ಇರೋ ನಾಲ್ಕು ಮನಿ ನೋಡಿ ಇಳಿಯಿರಿ. 'ಫಾಲೋ' ಒತ್ತಿದ್ರೆ ತಂಡದ ಹಳಬನ ಜೊತೆಗೇ ಇಳೀತೀರಿ.

• ಎಕೆಎಂ ಜೋರಾಗಿ ಹೊಡೆಯುತ್ತೆ, ಆದ್ರೆ ಹೊಸ ಕೈಯಲ್ಲಿ ಕುಣಿಯುತ್ತೆ. ಎಂ416 ಬೇಗ ಪಳಗುತ್ತೆ. ದಿನಾ 10 ನಿಮಿಷ ಟ್ರೈನಿಂಗ್ ಗ್ರೌಂಡ್‌ನಲ್ಲಿ ಗೋಡೆಗೆ ಹೊಡೆದು ನೋಡಿ, ಗುಂಡಿನ ಗುರುತು ಒಂದೇ ಕಡೆ ಬೀಳೋ ತನಕ. ಸೆನ್ಸಿಟಿವಿಟಿ ಒಮ್ಮೆ ಕೈಗೆ ಕೂತ ಮೇಲೆ ದಿನಕ್ಕೊಂದು ವಿಡಿಯೋ ನೋಡಿ ಬದಲಾಯಿಸಬೇಡಿ.

• ಇಯರ್‌ಫೋನ್ ಹಾಕಿಕೊಳ್ಳಿ. ವೈರಿ ಕಣ್ಣಿಗೆ ಬೀಳೋ ಮುಂಚೆ ಹೆಜ್ಜೆ ಸಪ್ಪಳ ಕೇಳುತ್ತೆ.

• "ಅಲ್ಲಿ ಅದಾನ, ಅಲ್ಲಿ ಅದಾನ" ಅಂತ ಒದರಬೇಡಿ. 'ಅಲ್ಲಿ' ಅಂದ್ರೆ ಎಲ್ಲಿ? ಸ್ಕ್ರೀನಿನ ಮೇಲ್ಗಡೆ ದಿಕ್ಸೂಚಿಯ ನಂಬರ್ ಇರುತ್ತೆ. "240, ಕೆಂಪು ಮನಿ, ಇಬ್ಬರು" ಅನ್ನಿ. ಸಾಕು.

• ಸತ್ತ ಕೂಡ್ಲೇ ಹೊರಗೆ ಬರಬೇಡಿ. ತಂಡದಲ್ಲಿ ಉಳಿದವರು ಹೇಗೆ ಆಡ್ತಾರೆ ಅಂತ ನೋಡಿ. ನಾನು ಹೆಚ್ಚು ಕಲಿತದ್ದು ಸತ್ತ ಮೇಲೇ.

3/4

ಇನ್ನು ನನ್ನ ತಪ್ಪು. ನಮ್ಮ ಕಾಕಾನ ಮಗ, ವಯಸ್ಸು 16. "ಅಣ್ಣಾ, ನನಗೂ ಕಲಸೋ" ಅಂತ ಬೆನ್ನು ಹತ್ತಿದ್ದ. ಒಂದು ಭಾನುವಾರ ನಮ್ಮ ಕಾಲೇಜಿನ ಸ್ಕ್ವಾಡ್‌ಗೆ ಸೇರಿಸಿಕೊಂಡೆ. ಕೊನೆಯ ಸರ್ಕಲ್ ಹತ್ತಿರ ನಾನು ಬಯಲಲ್ಲಿ ನಾಕ್ ಆದೆ. ನಾಕ್ ಆದವನನ್ನ ಎಬ್ಬಿಸೋಕೆ 10 ಸೆಕೆಂಡ್ ಬೇಕು, ಅಷ್ಟು ಹೊತ್ತು ಎಬ್ಬಿಸೋನು ಗುಂಡು ಹಾರಿಸೋ ಹಾಗಿಲ್ಲ. ಇಂವ ಗಿಡದ ಮರೆಯಿಂದ ಸೀದಾ ಓಡಿ ಬಂದು ನನ್ನ ಪಕ್ಕ ಕುಂತ. ಆರೇಳು ಸೆಕೆಂಡ್ ಆಗಿರಬೇಕು, ಇಬ್ಬರೂ ಹೋದ್ವಿ.

ಮೈಕ್ ಆನ್ ಇತ್ತು. "ನಿನ್ನಂಥಾವ್ರು ಆಡಾಕ ಬರಬಾರದು, ಹೋಗಿ ದನಾ ಕಾಯಿ" ಅಂದೆ. ಎಲ್ಲರೂ ನಕ್ಕರು. ಅಂವ ಏನೂ ಅನ್ನಲಿಲ್ಲ. ಲಾಬಿಯಿಂದ ಅವನ ಹೆಸರು ಮಾಯ ಆಯ್ತು. ಆಟ ಬಿಟ್ಟದ್ದಷ್ಟೇ ಆಗಿದ್ರೆ ಸರಿ, ನನ್ನ ಜೊತೆ ಮಾತೂ ಬಿಟ್ಟ. ಊರ ಜಾತ್ರೆಯಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಾಗ್ಲೂ ತಲೆ ಎತ್ತಲಿಲ್ಲ.

4/4

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮ್ಯಾಚನ್ನ ಮತ್ತೆ ಮತ್ತೆ ನೆನೆಸಿಕೊಂಡೆ. ನಾನು ಬಿದ್ದಾಗ ಉಳಿದಿಬ್ಬರು ಎಲ್ಲಿದ್ರು? ದೂರದ ಮನೆಯಲ್ಲಿ ಲೂಟ್ ಮಾಡ್ತಿದ್ರು. ಓಡಿ ಬಂದವನು ಇವನೊಬ್ಬನೇ. ಅವನ ತಪ್ಪು ಒಂದೇ: ಮೊದಲು ಸ್ಮೋಕ್ ಒಗೆದು, ಹೊಗೆ ದಟ್ಟ ಆದ ಮೇಲೆ ಬರಬೇಕಿತ್ತು. ಅದನ್ನ ಅವನಿಗೆ ಹೇಳಿಕೊಡಬೇಕಾದವನು ಯಾರು? ನಾನೇ. ಹೇಳಿರಲಿಲ್ಲ.

ನಮ್ಮೂರ ಕಬಡ್ಡಿ ನೆನಪಾಯ್ತು. ಹೊಸ ಹುಡುಗ ಬಂದ್ರೆ ಹಿರಿಯರು ಅವನ ಕೈ ಹಿಡಕೊಂಡು ನಡುವೆ ನಿಲ್ಲಿಸ್ತಾರೆ. ರೇಡರ್ ಬಂದಾಗ ಎಲ್ಲಿಗೆ ಸರೀಬೇಕು ಅನ್ನೋದನ್ನ ಆ ಕೈಯೇ ಕಲಿಸುತ್ತೆ. ನಾನು ಕೈ ಹಿಡಿಯಲಿಲ್ಲ, ಬಾಯಿ ಮಾಡಿದೆ.

ಮರುದಿನ ಸಂಜೆ ಕಾಲೇಜಿನ ಬಸ್ ಘಟಪ್ರಭಾ ಸೇತುವೆ ದಾಟುವಾಗ ಅವನಿಗೆ ಮೆಸೇಜ್ ಮಾಡಿದೆ: "ತಮ್ಮಾ, ತಪ್ಪು ನಂದು. ನೀ ಓಡಿ ಬಂದದ್ದು ಖರೇ ಆಟ. ಸ್ಮೋಕ್ ಒಗಿಯೋದು ನಾ ಹೇಳಿಕೊಟ್ಟಿರ್ಲಿಲ್ಲ." ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಒಂದೇ ಸಾಲು ಬಂತು: "ಸ್ಮೋಕ್ ಅಂದ್ರ ಯಾವ್ದಣ್ಣಾ, ಬಿಳೀ ಹೊಗಿ ಬರ್ತದಲ್ಲ ಅದಾ?"

ಈಗ ಕಾಕಾನ ಒಪ್ಪಿಗೆ ತಗೊಂಡು ಭಾನುವಾರ ಎರಡೇ ಮ್ಯಾಚ್. ಒಂದಕ್ಕೆ ಅರ್ಧ ತಾಸು ಹಿಡಿದ್ರೂ ಒಂದು ತಾಸಿಗೆ ಮುಗೀತು. ಮೈಕ್‌ನಲ್ಲಿ ಬೈಗುಳ ಬಂದ್.

ಹೊಸಬರೇ, ನಿಮಗೆ ಹೇಳೋದಿಷ್ಟು: ಗುರಿ ಆಮೇಲೆ ಬರುತ್ತೆ, ಮೊದಲು ಬೈಯದೆ ಕಲಿಸೋ ಒಬ್ಬನನ್ನ ಹುಡುಕಿಕೊಳ್ಳಿ. ಹಳಬರೇ, ನಿಮ್ಮ ಸ್ಕ್ವಾಡ್‌ನಿಂದ ಸುಮ್ಮನೆ ಮಾಯ ಆದ ಹುಡುಗ ಯಾರು? ಇವತ್ತೇ ಒಂದು ಮೆಸೇಜ್ ಹಾಕ್ರಿ. ನಮ್ಮ ಲಾಬಿಯಲ್ಲಿ ಒಂದು ಜಾಗ ಖಾಲಿ ಐತಿ. ಬರ್ರಿ.

#ಅನಗವಾಡಿ #ಬಿಜಿಎಂಐ_ಕನ್ನಡ