ಬೆಕ್ಕಿನ ಮಧುಮೇಹ ಮತ್ತು ಶ್ರಾವಕನ ಲೆಕ್ಕ



ಬೆಕ್ಕನ್ನು ಸಾಕುವುದು ಶ್ರಾವಕನಿಗೆ ತಕ್ಕುದಲ್ಲವೆಂದು ಕೇಳುತ್ತಲೇ ಬೆಳೆದವನು ನಾನು. ನಮ್ಮ ಧಾನ್ಯದ ಅಂಗಡಿಯಲ್ಲಿ ಇಲಿಗಳ ಕಾಟ ಎಷ್ಟಿದ್ದರೂ ತೀರ್ಥರೂಪರು ಬೆಕ್ಕನ್ನು ಒಳಗೆ ಬಿಟ್ಟುಕೊಂಡವರಲ್ಲ. ಅಂಥ ನಾನು ಕಳೆದ ವರ್ಷ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ಮಗನ ಮನೆಗೆ ಹೋದಾಗ, 9 ವರ್ಷದ ಗಂಡುಬೆಕ್ಕೊಂದು ನನಗಿಂತ ಮೊದಲೇ ಅಲ್ಲಿನ ಹಜಾರವನ್ನು ಆಕ್ರಮಿಸಿಕೊಂಡಿತ್ತು. ಮಳೆಯಲ್ಲಿ ನೆನೆಯುತ್ತಿದ್ದ ಮರಿಯನ್ನು ಸೊಸೆ ತಂದು ಬದುಕಿಸಿದ್ದಳಂತೆ. ಅದಕ್ಕೆ ಮಧುಮೇಹ. ನನಗೂ 18 ವರ್ಷಗಳಿಂದ ಅದೇ ವ್ಯಾಧಿ. ‘ಸಾಧರ್ಮಿಯಲ್ಲದಿದ್ದರೂ ಸಹರೋಗಿ, ತಾತ’ ಎಂದು ಮೊಮ್ಮಗಳು ನಗುತ್ತಿದ್ದಳು.

ಅದರ ಭುಜದ ಹಿಂಬದಿಯಲ್ಲಿ ರೋಮ ಬೋಳಿಸಿ ಒಂದು ಬಿಳಿಯ ಬಿಲ್ಲೆಯನ್ನು ಅಂಟಿಸಿದ್ದರು. ನನ್ನ ತೋಳಿನ ಮೇಲಿದ್ದಂಥದೇ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್! ಮನುಷ್ಯರಿಗೆಂದು ತಯಾರಾದ ಈ ಸಾಧನವನ್ನು ಪಶುವೈದ್ಯರು ಬೆಕ್ಕು ನಾಯಿಗಳಿಗೂ ಬಳಸುತ್ತಾರೆ. ಸುಮಾರು 5 ಮಿಲಿಮೀಟರ್ ಉದ್ದದ, ಕೂದಲೆಳೆಯಂಥ ತಂತುವೊಂದು ಚರ್ಮದಡಿಯಲ್ಲಿ ನಿಂತು, ರಕ್ತದ ಸಕ್ಕರೆಯನ್ನಲ್ಲ, ಜೀವಕೋಶಗಳ ನಡುವಣ ದ್ರವದ ಸಕ್ಕರೆಯನ್ನು ಅಳೆಯುತ್ತದೆ. ಆದುದರಿಂದ ಅದರ ಅಂಕಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಮೊಬೈಲನ್ನು ಹತ್ತಿರ ಹಿಡಿದರೆ ಹಿಂದಿನ 8 ಗಂಟೆಗಳ ಏರಿಳಿತ ಕಾಣುವುದು. ಅವಧಿ 14 ದಿನವೆಂದಿದ್ದರೂ ಬೆಕ್ಕು ಮೈಯುಜ್ಜಿ ಮೊದಲೇ ಕಿತ್ತುಕೊಳ್ಳುವುದುಂಟು.

ಅಹಿಂಸಾಣುವ್ರತದ ಐದು ಅತಿಚಾರಗಳು ತಮಗೆಲ್ಲ ತಿಳಿದಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ‘ಮೂಕಪ್ರಾಣಿಯ ಮೈಯಲ್ಲಿ ಸೂಜಿ ನೆಡುವುದು ಛೇದವಲ್ಲವೇನಮ್ಮಾ?’ ಎಂದು ಸೊಸೆಯನ್ನು ಕೇಳಿದೆ.

‘ಮಾವ, ಮೊದಲು ದಿನವಿಡೀ ಆಸ್ಪತ್ರೆಯ ಪಂಜರದಲ್ಲಿಟ್ಟು ಎರಡೆರಡು ಗಂಟೆಗೊಮ್ಮೆ ಕಿವಿ ಚುಚ್ಚಿ ರಕ್ತ ತೆಗೆಯುತ್ತಿದ್ದರು. ಬಂಧವೂ ಆಯಿತು, ಛೇದವೂ ಆಯಿತು. ಅಷ್ಟಾದರೂ ಲೆಕ್ಕ ಸುಳ್ಳು’ ಎಂದಳು.

ಲೆಕ್ಕ ಸುಳ್ಳಾಗಲು ಕಾರಣವಿದೆ. ಭಯಗೊಂಡ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿಯೇ ಏರುತ್ತದೆ. ಆಸ್ಪತ್ರೆಯಲ್ಲಿ 380 ತೋರಿದ ಇದೇ ಬೆಕ್ಕು ಮನೆಯ ಕಿಟಕಿಯಲ್ಲಿ ಮಲಗಿದ್ದಾಗ 210 ಇರುತ್ತಿತ್ತು. ಮೊದಲಿನ ಅಂಕಿಯನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದ್ದರೆ ಪ್ರಾಣಕ್ಕೇ ಅಪಾಯ. ವರ್ಷಕ್ಕೊಮ್ಮೆ ಅಂಗಡಿಗೆ ಬಂದು ಪೆಟ್ಟಿಗೆಯ ಹಣವನ್ನಷ್ಟೇ ಎಣಿಸಿ ಹೋಗುವವನಿಗೆ ವ್ಯಾಪಾರದ ಸ್ಥಿತಿ ತಿಳಿಯದು. ದಿನದಿನದ ಕಿರ್ದಿ ನೋಡಬೇಕು. ಸೆನ್ಸರು ಬರೆಯುವುದು ಕಿರ್ದಿ. ಈ ವಾದಕ್ಕೆ ನಾನು ಒಪ್ಪಿದೆ. ಇನ್ಸುಲಿನ್ನಿನ ವಿಷಯದಲ್ಲಿಯೂ ನನ್ನ ಆಕ್ಷೇಪವಿರಲಿಲ್ಲ. ಒಂದು ಕಾಲದಲ್ಲಿ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಆ ಔಷಧ, 1982ರಿಂದೀಚೆಗೆ ಸೂಕ್ಷ್ಮಜೀವಿಗಳ ಮೂಲಕ ತಯಾರಾಗಿ ಬರುತ್ತಿದೆ. ನಾನೂ ಅದನ್ನೇ ಚುಚ್ಚಿಕೊಳ್ಳುತ್ತೇನೆ.

ಒಪ್ಪಲಾಗದೆ ಉಳಿದದ್ದು ಆಹಾರ. ಬೆಕ್ಕು ಪ್ರಕೃತಿಯಿಂದಲೇ ಮಾಂಸಾಹಾರಿ. ಟಾರಿನ್ ಎಂಬ ಪದಾರ್ಥ ಸಾಲದಾದರೆ ಅದರ ಕಣ್ಣು, ಹೃದಯಗಳು ಕೆಡುತ್ತವೆ. ಸಸ್ಯಾಹಾರದಲ್ಲಿ ಅದು ದೊರೆಯದು. ಕಾರ್ಖಾನೆಯಲ್ಲಿ ತಯಾರಿಸಿದ ಟಾರಿನ್ ಬೆರೆಸಿದ ಸಸ್ಯಾಹಾರಿ ತಿನಿಸು ಉಂಟಲ್ಲ ಎಂದು ವೈದ್ಯರನ್ನು ಕೇಳಿದೆ. ಅದರಲ್ಲಿ ಪಿಷ್ಟ ಹೆಚ್ಚು, ಮಧುಮೇಹಿ ಬೆಕ್ಕಿಗೆ ಕೂಡದು ಎಂದರು. ಹಾಲನ್ನಕ್ಕೂ ಅದೇ ಉತ್ತರ. ಆದುದರಿಂದ ಮೀನಿನ ಡಬ್ಬಿಗಳು ಬಾಲ್ಕನಿಯ ಬೀರುವಿನಲ್ಲಿದ್ದವು. ಬಟ್ಟಲು, ಚಮಚ ಎಲ್ಲವೂ ಪ್ರತ್ಯೇಕ. ನಾನು ಬಾಲ್ಕನಿಯ ಕಡೆ ಕಾಲಿಡುತ್ತಿರಲಿಲ್ಲ. ದೆಹಲಿಯ ಲಾಲ್ ಮಂದಿರಕ್ಕೆ ಸೇರಿದ ನಮ್ಮವರ ಪಕ್ಷಿಗಳ ಆಸ್ಪತ್ರೆಯಲ್ಲಿ ಗಾಯಗೊಂಡ ಹದ್ದು, ಗಿಡುಗಗಳಿಗೂ ಔಷಧ ಮಾಡುತ್ತಾರೆ, ಆದರೆ ಒಳರೋಗಿಯಾಗಿ ಇರಿಸಿಕೊಳ್ಳುವುದಿಲ್ಲ. ಆ ಮರ್ಯಾದೆ ನನಗೆ ಸರಿಯೆನಿಸಿತ್ತು. ಬೆಕ್ಕು ಮಾತ್ರ ಈ ಮನೆಯ ಒಳರೋಗಿ.

ಇನ್ಸುಲಿನ್ನನ್ನು 12 ಗಂಟೆಗಳ ಅಂತರದಲ್ಲಿ ಕೊಡಬೇಕಾದುದರಿಂದ, ಬೆಳಿಗ್ಗೆ 6, ಸಂಜೆ 6 ಎಂದು ಗೊತ್ತುಮಾಡಿಸಿದವನು ನಾನೇ. ಸೂರ್ಯಾಸ್ತಕ್ಕೆ ಮೊದಲು ನನ್ನ ಊಟ, ಅದರ ಊಟ ಎರಡೂ ಮುಗಿಯಲಿ ಎಂಬುದು ನನ್ನ ಆಸೆ.

ಒಂದು ರಾತ್ರಿ 2 ಗಂಟೆಯ ಸುಮಾರಿಗೆ ನಿದ್ದೆ ಬಾರದೆ ಎದ್ದೆ. ಬೆಕ್ಕು ಹಜಾರದ ನಡುವೆ ತೂರಾಡುತ್ತಿತ್ತು, ಹಿಂಗಾಲು ನಿಲ್ಲುತ್ತಿರಲಿಲ್ಲ. ಸೊಸೆಯನ್ನು ಎಬ್ಬಿಸಿದೆ. ಮೊಬೈಲು ಹಿಡಿದರೆ 52, ಬಾಣದ ಗುರುತು ಕೆಳಮುಖ. ಬೆಕ್ಕು ಸೆನ್ಸರಿನ ಮೇಲೆ ಒರಗಿ ಮಲಗಿದ್ದರೂ ಅಂಕಿ ತಪ್ಪಾಗಿ ಕೆಳಗಿಳಿಯುವುದುಂಟೆಂದು ಕಿವಿಯಿಂದ ಒಂದು ಹನಿ ತೆಗೆದು ನೋಡಿದಳು: 49. ಹೀಗಾದಾಗ ವಸಡಿಗೆ ಜೇನುತುಪ್ಪ ಸವರಬೇಕೆಂದು ವೈದ್ಯರು ಬರೆದುಕೊಟ್ಟಿದ್ದರು. ನಮ್ಮ ಮನೆಯಲ್ಲಿ ಜೇನು ಎಲ್ಲಿಂದ ಬರಬೇಕು? ನನಗೆಂದು ಇರಿಸಿಕೊಂಡಿದ್ದ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕೊಟ್ಟೆ. ಗಂಟಲಿಗೆ ಸುರಿದರೆ ಶ್ವಾಸಕ್ಕೆ ಹೋದೀತೆಂದು ಬೆರಳಿನಿಂದ ವಸಡಿಗೆ ಸ್ವಲ್ಪಸ್ವಲ್ಪವೇ ಸವರಿದಳು. ಕಾಲು ಗಂಟೆಯಲ್ಲಿ ಅದು ತಲೆಯೆತ್ತಿತು.

ಅಷ್ಟಕ್ಕೇ ಮುಗಿಯುವುದಿಲ್ಲ. ಗ್ಲೂಕೋಸಿನ ಬಲ ಹೆಚ್ಚು ಹೊತ್ತು ನಿಲ್ಲದು. ಕೂಡಲೇ ಆಹಾರ ಕೊಡಬೇಕು. ಮಗ ಪರವೂರಿನಲ್ಲಿದ್ದ. ಬೆಕ್ಕು ಸೊಸೆಯ ಮಡಿಲಲ್ಲಿತ್ತು. ಆಕೆ ನನ್ನ ಮುಖವನ್ನು ನೋಡಿದಳೇ ಹೊರತು ಒಂದು ಮಾತನ್ನೂ ಆಡಲಿಲ್ಲ. ರಾತ್ರಿಯ ವೇಳೆ, ಡಬ್ಬಿಯಲ್ಲಿರುವುದು ಮೀನು. ಐದನೆಯ ಅತಿಚಾರ ನೆನಪಾಯಿತು, ಅನ್ನಪಾನನಿರೋಧ. ಬಾಲ್ಕನಿಗೆ ಹೋಗಿ ಡಬ್ಬಿಯ ಮುಚ್ಚಳವನ್ನು ನನ್ನ ಕೈಯಿಂದಲೇ ತೆಗೆದೆ. ಆ ವಾಸನೆಗೆ ಹೊಟ್ಟೆ ತೊಳಸಿತು. ಬಟ್ಟಲನ್ನು ಅದರ ಮುಂದಿಟ್ಟು, ಸ್ನಾನ ಮಾಡಿ, ಬೆಳಗಿನವರೆಗೂ ಜಪಮಾಲೆ ಹಿಡಿದು ಕುಳಿತೆ. ಮನಸ್ಸು ಜಪದಲ್ಲಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಎದ್ದು ಅಂಕಿ ನೋಡುತ್ತಿದ್ದೆ. 5 ಗಂಟೆಗೆ 160 ಇತ್ತು.

ಆ ರಾತ್ರಿಯ ಕಿರ್ದಿಯನ್ನು ನೋಡಿದ ವೈದ್ಯರು ಇನ್ಸುಲಿನ್ನನ್ನು 2 ಯೂನಿಟ್ಟಿನಿಂದ 1ಕ್ಕೆ ಇಳಿಸಿದರು. ಕೆಲವು ಬೆಕ್ಕುಗಳಿಗೆ ಕ್ರಮೇಣ ಇನ್ಸುಲಿನ್ನೇ ಬೇಡವಾಗುವುದೂ ಉಂಟಂತೆ.

ಊರಿಗೆ ಮರಳುವಾಗ ಮುಂದಿನ ಆರು ಸೆನ್ಸರುಗಳ ಹಣವನ್ನು ಸೊಸೆಯ ಕೈಗಿತ್ತೆ. ಡಬ್ಬಿಗಳ ಹಣವನ್ನು ಕೊಡಲಿಲ್ಲ. ಅದನ್ನು ಆಕೆಯೇ ಭರಿಸುತ್ತಾಳೆ. ಕೃತ, ಕಾರಿತ, ಅನುಮೋದನ ಮೂರನ್ನೂ ಬಲ್ಲವನಿಗೆ ಈ ಹಂಚಿಕೆ ನಿಲ್ಲದು. ಖರ್ಚನ್ನು ಬೇರೆಯವರ ಹೆಸರಿಗೆ ಬರೆದ ಮಾತ್ರಕ್ಕೆ ನನ್ನ ಖಾತೆ ಚುಕ್ತಾ ಆಗುವುದಿಲ್ಲ. ಬಸದಿಗಳ ಆಶ್ರಯದಲ್ಲಿ ಪ್ರಾಣಿದಯಾ ಕಾರ್ಯ ನಡೆಸುತ್ತಿರುವ ಮಹನೀಯರು ಇಂಥ ಸಂದರ್ಭಗಳಲ್ಲಿ ಯಾವ ಕ್ರಮವನ್ನು ಅನುಸರಿಸುತ್ತಿದ್ದಾರೆಂಬುದನ್ನು ಈ ಪತ್ರಿಕೆಯ ಮೂಲಕ ತಿಳಿಸಿದರೆ ಉಪಕೃತನಾಗುವೆನು. ಸೊಸೆ ಈಗಲೂ ಸಂಜೆ 6ಕ್ಕೆ ದೂರವಾಣಿ ಮಾಡಿ ಬೆಕ್ಕಿನ ಅಂಕಿಯನ್ನು ಮೊದಲು ಹೇಳಿ, ಆಮೇಲೆ ನನ್ನದನ್ನು ಕೇಳುತ್ತಾಳೆ.