ಆರಿದ್ರಾ ಮಳೆ, ಆರದ ಬಟ್ಟೆ

ಆರಿದ್ರಾ ಮಳೆ ಹುಟ್ಟಿ ಮೂರು ದಿನ ಕಳೆದ ಮೇಲೆ ನಮ್ಮ ತೀರ್ಥಹಳ್ಳಿ ಕಡೆಯ ಯಾವ ಮನೆಗೇ ಹೋಗಿ, ಮನೆಯವರಿಗಿಂತ ಮುಂಚೆ ಅವರ ಬಟ್ಟೆ ಎದುರಾಗುತ್ತದೆ. ಜಗಲಿಯ ಕಂಬದಿಂದ ಕಂಬಕ್ಕೆ ಹಗ್ಗ, ಹಗ್ಗದ ತುಂಬ ಲುಂಗಿ, ಪಂಚೆ, ಮಕ್ಕಳ ಚಡ್ಡಿ. ತಲೆ ಬಗ್ಗಿಸಿ, ಒದ್ದೆ ಸೀರೆಯ ಅಂಚು ಸರಿಸಿಕೊಂಡು ಒಳಗೆ ಹೋಗಬೇಕು. "ಬಟ್ಟೆ ಆರ್ತಾ?" ಅನ್ನುವುದು ಆ ದಿನಗಳಲ್ಲಿ "ಊಟ ಆಯ್ತಾ?" ಅನ್ನುವಷ್ಟೇ ಸಹಜವಾದ ಕುಶಲದ ಮಾತು. ಆರಿದ್ರಾ ಮಳೆ ಆರದೇ ಹೊಯ್ಯುತ್ತದೆ ಎಂಬ ಗಾದೆ ಕಟ್ಟಿದವಳು ಬಟ್ಟೆ ಒಗೆಯುವ ಹೆಂಗಸೇ ಇರಬೇಕು ಎಂದು ನನಗೆ ಯಾವಾಗಲೂ ಅನ್ನಿಸಿದೆ. ಕನ್ನಡದಲ್ಲಿ ದೀಪ ಆರುತ್ತದೆ, ಕಾಫಿ ಆರುತ್ತದೆ, ಗಂಟಲು ಆರುತ್ತದೆ, ಗಾಯ ಕೂಡ ಆರುತ್ತದೆ. ಆಷಾಢದಲ್ಲಿ ಒಗೆದ ದಪ್ಪ ಟವೆಲು ಮಾತ್ರ ನಾಲ್ಕು ದಿನವಾದರೂ ಆರುವುದಿಲ್ಲ.

ನಮ್ಮೂರಿನಿಂದ ಆಗುಂಬೆ ದೂರವಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ಅದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿದು ಹೋಗುತ್ತದೆ. ಜನ ಆ ಮಳೆ ನೋಡಲು ಬರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಸಂಜೆ ಘಟ್ಟ ಇಳಿದು ಹೋಗುತ್ತಾರೆ. ಬರಲಿ, ಸಂತೋಷ. ಆದರೆ ಆ ಮಳೆಯೊಳಗೆ ನಾಲ್ಕು ತಿಂಗಳು ಸಂಸಾರ ಮಾಡುವವರ ಕಷ್ಟ ಏನು ಎಂದು ಕೇಳಿದರೆ ನಾನು ಹೊಳೆ, ಗುಡ್ಡ ಕುಸಿತ, ಕರೆಂಟು ಎಲ್ಲವನ್ನೂ ಬಿಟ್ಟು ಮೊದಲು ಬಟ್ಟೆಯ ಮಾತೇ ಎತ್ತುತ್ತೇನೆ. ಅದು ದಿನಾ ಇರುವ ಕಷ್ಟ, ಮತ್ತು ಹೆಚ್ಚಿನ ಮನೆಗಳಲ್ಲಿ ಹೆಂಗಸರೊಬ್ಬರೇ ಹೊರುವ ಕಷ್ಟ.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಬಟ್ಟೆ ಒಣಗಿಸುವ ಯಂತ್ರವೊಂದಿತ್ತು. ಅದನ್ನು ಯಾರೂ ಯಂತ್ರ ಎಂದು ಕರೆಯುತ್ತಿರಲಿಲ್ಲ, ಬಚ್ಚಲೊಲೆ ಎನ್ನುತ್ತಿದ್ದರು. ಬೆಳಗಿನ ಜಾವ ಹಂಡೆಯ ಕೆಳಗೆ ಉರಿ ಹಚ್ಚಿದರೆ ರಾತ್ರಿಯವರೆಗೂ ಕೆಂಡ ನಂದುತ್ತಿರಲಿಲ್ಲ. ಅದರ ಮೇಲೆ, ಕೈಗೆ ಎಟುಕದಷ್ಟು ಎತ್ತರದಲ್ಲಿ, ಎರಡು ಬಿದಿರಿನ ಗಳ ತೂಗಿಬಿಟ್ಟಿದ್ದರು. ಅಮ್ಮ ಕೋಲಿನ ತುದಿಗೆ ಸೀರೆ ಸಿಕ್ಕಿಸಿ ಗಳದ ಮೇಲೆ ಹಾಯಿಸಿ, ಅದೇ ಕೋಲಿನಿಂದ ಸುಕ್ಕು ಬಿಡಿಸಿ ಹರಡುತ್ತಿದ್ದರು. ಒಂದು ಸಲಕ್ಕೆ ಒಂದು ಪದರ, ಒಂದರ ಮೇಲೊಂದು ಬೀಳಬಾರದು. ಮಡಿ ಬಟ್ಟೆಗೆ ಬೇರೆ ಗಳ. ಮಡಿ ಬಟ್ಟೆ ಯಾರ ಕೈಗೂ ತಾಗದಿರಲಿ ಎಂದು ಎತ್ತರದಲ್ಲಿ ಹಾಕುತ್ತಾರೆ ಎಂದೇ ಎಲ್ಲರೂ ಹೇಳುತ್ತಿದ್ದರು. ಬಿಸಿ ಗಾಳಿ ಮಾಡಿಗೆ ಏರಿ ನಿಲ್ಲುವುದರಿಂದ ಅಲ್ಲಿ ಹಾಕಿದ ಬಟ್ಟೆಯೇ ಮೊದಲು ಒಣಗುತ್ತಿತ್ತು ಎನ್ನುವುದು ನನಗೆ ಬಹಳ ವರ್ಷಗಳ ಮೇಲೆ ಹೊಳೆಯಿತು. ಮಳೆಗಾಲದಲ್ಲಿ ಪೂಜೆಗೆ ರೇಷ್ಮೆಯ ಮಡಿ ನಡೆಯುತ್ತದೆ, ಅದನ್ನು ದಿನಾ ನೆನೆಸಬೇಕಾಗಿಲ್ಲ ಎಂಬ ರಿವಾಜಿನ ಹಿಂದೆಯೂ ಇದೇ ಪಾಡು ಇದ್ದೀತು.

ಹೊಗೆಯ ವಾಸನೆ ಬಟ್ಟೆಗೆ ಹಿಡಿಯುತ್ತಿತ್ತು, ನಿಜ. ಗಾಳಿ ಜೋರಾದ ದಿನ ಮಾಡಿನ ಇಲ್ಲಣ ಉದುರಿ ಬಿಳಿ ಅಂಗಿಯ ಮೇಲೆ ಕಪ್ಪು ಚುಕ್ಕೆ ಬೀಳುತ್ತಿತ್ತು. ಆದರೆ ಶಾಲೆಯಲ್ಲಿ ಪಕ್ಕ ಕೂತ ಹುಡುಗಿಯ ಲಂಗವೂ ಅದೇ ಹೊಗೆಯ ವಾಸನೆ ಬೀರುತ್ತಿದ್ದುದರಿಂದ ಯಾರಿಗೂ ಅದು ಬೇರೆ ಅನ್ನಿಸಲಿಲ್ಲ. ಇವತ್ತಿಗೂ ಎಲ್ಲಾದರೂ ಸೌದೆಯ ಹೊಗೆ ಮೂಗಿಗೆ ತಾಗಿದರೆ ನನಗೆ ಬೆಚ್ಚಗಿನ ಲಂಗ ಉಟ್ಟ ಹಾಗೆ ಆಗುತ್ತದೆ.

ಮನೆಯಲ್ಲಿ ಬಾಣಂತಿ ಇದ್ದರೆ ಇನ್ನೊಂದು ಏರ್ಪಾಡು. ಅಗ್ಗಿಷ್ಟಿಕೆಯಲ್ಲಿ ಕೆಂಡ, ಅದರ ಮೇಲೆ ದೊಡ್ಡ ಕಣ್ಣಿನ ಬಿದಿರಿನ ಬುಟ್ಟಿ ಕವುಚಿ, ಬುಟ್ಟಿಯ ಬೆನ್ನಿನ ಮೇಲೆ ಮಗುವಿನ ತುಂಡುಬಟ್ಟೆಗಳು. ಕೆಂಡದ ಮೇಲೆ ಚಿಟಿಕೆ ಸಾಂಬ್ರಾಣಿ. ಬಟ್ಟೆ ಒಣಗಿ ಘಮಘಮ ಎನ್ನುತ್ತಿತ್ತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅದು ಹೆಂಚಿನ ಮನೆ, ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಕಿಟಕಿ ಬಾಗಿಲು ಮುಚ್ಚಿದ ಆರ್‌ಸಿಸಿ ಕೋಣೆಯಲ್ಲಿ ಯಾರೂ ಕೆಂಡ ಇಟ್ಟುಕೊಂಡು ಮಲಗಬಾರದು. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಹೆಂಚಿನ ಮಾತು ಬಂತಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಲೆನಾಡಿನ ಸೋಗೆ, ಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ಹೆಂಚಿನ ಮಾಡು ಮಳೆಯನ್ನು ಹೊರಗಿಟ್ಟರೂ ಉಸಿರಾಡುವ ಮಾಡು. ಒಳಗಿನ ಹಬೆ ಅದರ ಸಂದಿಯಲ್ಲಿ ಹೊರಗೆ ದಾಟುತ್ತದೆ. ಈಗ ನಾವು ಕಟ್ಟುತ್ತಿರುವ ತಾರಸಿ ಮನೆಗಳಿಗೆ ಆ ಸಂದಿಯಿಲ್ಲ. ಒಂದು ಸಂಸಾರದ ಒಂದು ದಿನದ ಬಟ್ಟೆಯನ್ನು ಕೈಯಲ್ಲಿ ಹಿಂಡಿ ಒಳಗೆ ಹರಡಿದರೆ ಮೂರು ಲೀಟರ್ ನೀರಾದರೂ ಅದರಲ್ಲಿ ಉಳಿದಿರುತ್ತದೆ. ಬಟ್ಟೆ ಒಣಗಿತು ಎಂದರೆ ಆ ಮೂರು ಲೀಟರೂ ಕೋಣೆಯ ಗಾಳಿಗೆ ಸೇರಿತು ಎಂದೇ ಅರ್ಥ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ತಣ್ಣನೆ ಗೋಡೆಯ ಮೇಲೆ, ಬೀರುವಿನ ಹಿಂದೆ, ಹಾಸಿಗೆಯ ಅಡಿಯಲ್ಲಿ ಕೂತು ಬೂಷ್ಟು ಹಿಡಿಸುತ್ತದೆ.

ಗಾಳಿಯ ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ, ಏಕೆಂದರೆ ಅಗ್ಗದ ಉಪಾಯಗಳೆಲ್ಲ ಇದರಿಂದಲೇ ಹೊರಡುತ್ತವೆ. 20 ಡಿಗ್ರಿ ಬಿಸುಪಿನ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರನ್ನು ಹಬೆಯಾಗಿ ಹಿಡಿದುಕೊಳ್ಳಬಲ್ಲದು. ಜುಲೈ ತಿಂಗಳ ನಮ್ಮ ಗಾಳಿ ಈ ಅಳತೆಯಷ್ಟನ್ನೂ ಬಹುಮಟ್ಟಿಗೆ ಕುಡಿದೇ ಬಂದಿರುತ್ತದೆ, ಬಟ್ಟೆಯಿಂದ ಇನ್ನೇನು ಕುಡಿದೀತು? ಅದೇ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ ಅದಕ್ಕೆ 30 ಗ್ರಾಂ ಹಿಡಿಸುತ್ತದೆ. ಬಚ್ಚಲೊಲೆ ಮಾಡುತ್ತಿದ್ದುದು ಇಷ್ಟೇ. ಗಾಳಿಯನ್ನು ಹತ್ತು ಡಿಗ್ರಿ ಬೆಚ್ಚಗೆ ಮಾಡಿ, ಬಟ್ಟೆಯ ಮೇಲೆ ಹಾಯಿಸಿ, ಹೆಂಚಿನ ಸಂದಿಯಿಂದ ಆಚೆ ಕಳಿಸುವುದು. ನೀರು ಕಾಯಿಸುವ ಉರಿಯಲ್ಲೇ ಇದೆಲ್ಲ ಆಗಿಹೋಗುತ್ತಿದ್ದುದರಿಂದ ಬಟ್ಟೆಯ ಲೆಕ್ಕಕ್ಕೆ ಖರ್ಚು ಬೀಳುತ್ತಿರಲಿಲ್ಲ.

ಆಮೇಲೆ ಒಲೆ ಹೋಯಿತು. ಗೀಸರು ಬಂತು, ಸೋಲಾರು ಬಂತು. ಕಾಡಿನಿಂದ ಸೌದೆ ಹೊತ್ತು ತರುವ ಹೆಂಗಸರ ಬೆನ್ನು ಉಳಿಯಿತು, ಹೊಗೆ ಕುಡಿಯುವ ಶ್ವಾಸಕೋಶ ಉಳಿಯಿತು. ಇದಕ್ಕೆ ನಾನು ಎರಡು ಕೈಯೆತ್ತಿ ಮುಗಿಯುತ್ತೇನೆ. ಆದರೆ ಒಲೆಯ ಜೊತೆಗೆ ಬಟ್ಟೆ ಒಣಗುವ ಜಾಗವೂ ಹೋಯಿತು, ಆ ಜಾಗಕ್ಕೆ ಬದಲಿ ಏನು ಎಂದು ಮನೆ ಕಟ್ಟುವಾಗ ಯಾರೂ ಕೇಳಲಿಲ್ಲ. ನಕ್ಷೆಯಲ್ಲಿ ದೇವರಮನೆ ಇರುತ್ತದೆ, ಕಾರು ನಿಲ್ಲಿಸಲು ಜಾಗ ಇರುತ್ತದೆ. ಬಟ್ಟೆ ಹರಡುವ ಜಾಗ ಎಂದು ಬರೆದ ನಕ್ಷೆಯನ್ನು ನಾನು ನೋಡಿಲ್ಲ.

ಅಕ್ಕನ ಮಗಳೊಬ್ಬಳು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ಬಾಡಿಗೆ ಮನೆಯಲ್ಲಿದ್ದಾಳೆ. ಎರಡು ಚಳಿಗಾಲದ ಹಿಂದೆ ಫೋನು ಮಾಡಿ, "ಚಿಕ್ಕಮ್ಮಾ, ಇಲ್ಲಿ ನಾಲ್ಕು ತಿಂಗಳೂ ನಮ್ಮ ಆಷಾಢವೇ. ಹೀಟರ್ ದಿನಾ ಎರಡು ಗಂಟೆ ಹಾಕಿದರೂ ಬಿಲ್ಲು ಕಟ್ಟೋಕೆ ಆಗ್ತಿಲ್ಲ. ಬಟ್ಟೆ ಒಳಗೆ ಒಣಗಿಸಿದರೆ ಗೋಡೆ ಕಪ್ಪಾಗ್ತಿದೆ" ಎಂದಳು. ಅಲ್ಲಿ 2022ರಿಂದ ಗ್ಯಾಸು, ಕರೆಂಟಿನ ದರ ಏರಿದ ಮೇಲೆ ಎಷ್ಟೋ ಮನೆಗಳ ಕಥೆ ಇದು. ಅವಳ ಊರಿಗೆ ಹತ್ತಿರದ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಮಗುವೊಂದು ಮನೆಯ ಬೂಷ್ಟಿನ ಗಾಳಿಯನ್ನೇ ಬಹುಕಾಲ ಉಸಿರಾಡಿ ತೀರಿಕೊಂಡಿತು. ವಿಚಾರಣೆಯಲ್ಲಿ ಅದು ಸಾಬೀತಾಗಿ, ಬೂಷ್ಟು ಹಿಡಿದ ಮನೆಯನ್ನು ಗಡುವಿನೊಳಗೆ ಸರಿಮಾಡಿಸಲೇಬೇಕೆಂಬ ಕಾನೂನು ಆ ಮಗುವಿನ ಹೆಸರಿನಲ್ಲೇ 2023ರಲ್ಲಿ ಬಂತು. ಒದ್ದೆ ಗೋಡೆಯನ್ನು ಮಳೆಗಾಲದ ಸಹಜ ಎಂದು ತಳ್ಳಿಹಾಕುವವರಿಗೆ ನಾನು ಈ ಮಗುವಿನ ಸಂಗತಿ ಹೇಳುತ್ತೇನೆ.

ಅವಳಿಗೆ ನಾನು ಹೇಳಿದ್ದೂ ನಮ್ಮೂರಿನಲ್ಲಿ ಕೇಳಿದವರಿಗೆ ಹೇಳುವುದೂ ಒಂದೇ. ಹಿಂಡುವುದಕ್ಕೆ ಸಮನಾದ ಅಗ್ಗದ ದಾರಿ ಬೇರೆ ಇಲ್ಲ. ಒಂದು ಲೀಟರ್ ನೀರನ್ನು ಹಬೆ ಮಾಡಿ ಓಡಿಸಲು ಹೀಟರಿನ ದಾರಿಯಲ್ಲಿ ಕಡಿಮೆಯೆಂದರೂ ಮುಕ್ಕಾಲು ಯೂನಿಟ್ಟಿನ ಹತ್ತಿರ ಕರೆಂಟು ಬೇಕು. ಸೆಮಿ ಆಟೋಮ್ಯಾಟಿಕ್ ಮೆಷಿನ್ನಿನ ಹಿಂಡುವ ತೊಟ್ಟಿ ಐದು ನಿಮಿಷ ಗಿರ್ರನೆ ತಿರುಗಲು ಯೂನಿಟ್ಟಿನ ಐವತ್ತನೆಯ ಒಂದು ಪಾಲೂ ಬೇಡ, ಅಷ್ಟರಲ್ಲಿ ಅದು ಲೀಟರುಗಟ್ಟಲೆ ನೀರನ್ನು ತೆಗೆದು ಚೆಲ್ಲಿರುತ್ತದೆ. ಒಮ್ಮೆ ಹಿಂಡಿ, ಬಟ್ಟೆ ಕೊಡವಿ, ಇನ್ನೊಮ್ಮೆ ಹಾಕಿ. ಮೆಷಿನ್ ಇಲ್ಲದವರು ಒದ್ದೆ ಅಂಗಿಯನ್ನು ಒಣಗಿದ ದಪ್ಪ ಟವೆಲಿನ ಮೇಲೆ ಹಾಸಿ, ಚಾಪೆಯಂತೆ ಸುತ್ತಿ, ಮೇಲೆ ಮಂಡಿಯೂರಿ ಒತ್ತಿದರೆ ಅರ್ಧ ಕೆಲಸ ಆಗಿರುತ್ತದೆ. ಆಮೇಲೆ ಗಾಳಿ. ಹಳೆಯ ಫ್ಯಾನು 75 ವ್ಯಾಟ್, ಈಚಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್ ಸುಮಾರು. ರಾತ್ರಿ ಹತ್ತು ಗಂಟೆ ತಿರುಗಿದರೂ ಹೊಸದಕ್ಕೆ ಮೂರನೆಯ ಒಂದು ಯೂನಿಟ್ಟು ಸಾಕು. ಗೃಹಜ್ಯೋತಿಯಲ್ಲಿ ನಮ್ಮ ಉಚಿತದ ಮಿತಿ ಹಿಂದಿನ ಬಳಕೆಯ ಸರಾಸರಿಯ ಮೇಲೆ ನಿಂತಿರುವುದರಿಂದ ಈ ವ್ಯತ್ಯಾಸ ಕೂಡ ಲೆಕ್ಕಕ್ಕೆ ಬರುತ್ತದೆ. ಬಟ್ಟೆಯನ್ನು ಮನೆ ತುಂಬ ಹರಡದೆ ಒಂದೇ ಕೋಣೆಯಲ್ಲಿ ಹಾಕಿ, ಆ ಕೋಣೆಯ ಒಳಬಾಗಿಲು ಮುಚ್ಚಿ, ಕಿಟಕಿ ನಾಲ್ಕು ಬೆರಳು ತೆರೆದಿಡಿ. ಅಕ್ಕನ ಮಗಳು ಗಾಳಿಯ ತೇವ ಹೀರುವ ಹಳೆಯ ಯಂತ್ರವೊಂದನ್ನು ಯಾರಿಂದಲೋ ಕೊಂಡಳು. ಅದರ ತಳದ ಡಬ್ಬಿಯಲ್ಲಿ ದಿನಾ ನೀರು ತುಂಬುವುದನ್ನು ವಿಡಿಯೋ ಮಾಡಿ ಕಳಿಸಿದಳು. ಬಿಸಿ ಡ್ರೈಯರಿಗೆ ಹೋಲಿಸಿದರೆ ಕರೆಂಟು ಎಷ್ಟೋ ಕಡಿಮೆ.

ಮುಗ್ಗಲು ವಾಸನೆಗೆ ಹೆಚ್ಚು ಸಾಬೂನು ಹಾಕುವವರಿದ್ದಾರೆ, ಉಪಯೋಗವಿಲ್ಲ. ಆ ವಾಸನೆ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಕೆಲಸ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಬಟ್ಟೆ ಹೆಚ್ಚು ಹೊತ್ತು ಒದ್ದೆಯಿದ್ದಷ್ಟೂ ಅದು ಬೆಳೆಯುತ್ತದೆ. ಚೆನ್ನಾಗಿ ಕಾದ ನೀರಿನಲ್ಲಿ ಅದ್ದುವುದು, ಮುಕ್ಕಾಲು ಆರಿದ ಮೇಲೆ ಇಸ್ತ್ರಿ ಎಳೆಯುವುದು, ಇವೆರಡರಿಂದ ಅದು ತಗ್ಗುತ್ತದೆ.

ಇಷ್ಟು ಹೇಳುವಾಗ ನಟ್ಟಿಯ ಕೆಲಸಕ್ಕೆ ಬರುತ್ತಿದ್ದ ಒಬ್ಬಾಕೆ ಕಣ್ಣಮುಂದೆ ಬರುತ್ತಾಳೆ. ದಿನವಿಡೀ ಮೊಣಕಾಲುದ್ದ ಕೆಸರಿನಲ್ಲಿ, ಬೆನ್ನ ಮೇಲೆ ಪ್ಲಾಸ್ಟಿಕ್ಕಿನ ಕೊಪ್ಪೆ. ಅಮ್ಮ ಒಮ್ಮೆ, "ಒದ್ದೆ ಸೀರೆಲೇ ಬಂದಿದೀಯಲ್ಲೇ" ಎಂದಾಗ ಆಕೆ ಹೇಳಿದಳು: "ಇರೋದು ಎರಡೇ ಅಮ್ಮಾ. ಒಂದು ಒಲೆ ಮೇಲೆ ಆರತ್ತೆ, ಒಂದು ಮೈಮೇಲೆ ಆರತ್ತೆ." ಅಂದಿನಿಂದ ಅಮ್ಮ ಅವಳ ಸೀರೆಯನ್ನೂ ನಮ್ಮ ಗಳದ ಮೇಲೆ ಹಾಕತೊಡಗಿದರು. ನೈಲಾನ್ ಸೀರೆ ನಮ್ಮ ಕಡೆ ಕೂಲಿ ಹೆಂಗಸರಿಗೆ ಅಷ್ಟು ಪ್ರಿಯವಾದದ್ದು ಏಕೆಂದು ನನಗೆ ಅವಳಿಂದಲೇ ತಿಳಿಯಿತು. ಹತ್ತಿಯ ನೂಲು ನೀರನ್ನು ಒಳಗೇ ಹೀರಿ ಹಿಡಿದಿಡುತ್ತದೆ, ನೈಲಾನ್ ತೀರಾ ಕಡಿಮೆ ಹೀರುತ್ತದೆ. ಸಂಜೆ ಒಗೆದು ಕೊಡವಿ ಹಾಕಿದರೆ ಬೆಳಿಗ್ಗೆ ಉಡಬಹುದು.

ಈಚೆಗೆ ಅಡಿಕೆ ಒಣಗಿಸಲು ಬೆಳಕು ಹಾಯುವ ಪ್ಲಾಸ್ಟಿಕ್ ಹೊದಿಸಿದ ಮನೆಗಳನ್ನು ಕಟ್ಟುತ್ತಿದ್ದಾರಲ್ಲ, ಮಳೆಗಾಲದಲ್ಲಿ ಅದರೊಳಗೆ ಹಗ್ಗ ಕಟ್ಟಿ ಬಟ್ಟೆ ಹರಡುವವರನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಮೋಡದ ಬೆಳಕಿಗೂ ಒಳಗೆ ಸ್ವಲ್ಪ ಬೆಚ್ಚಗಿರುತ್ತದೆ, ಎರಡು ತುದಿ ತೆರೆದಿದ್ದರೆ ಗಾಳಿಯೂ ಆಡುತ್ತದೆ. ಇದನ್ನೇ ಹಿತ್ತಲಲ್ಲಿ ನಾಲ್ಕು ಬಿದಿರು ನೆಟ್ಟು ಚಿಕ್ಕದಾಗಿ ಮಾಡಿಕೊಳ್ಳಬಹುದು. ಸರ್ಕಾರ ಕಟ್ಟಿಕೊಡುವ ಬಡವರ ಮನೆಗಳಿಗೂ ಹಾಸ್ಟೆಲುಗಳಿಗೂ ಮಲೆನಾಡಿನಲ್ಲಾದರೂ ಇಂಥ ಒಂದು ಮೂಲೆ ಇರಲೇಬೇಕು. ಪಂಚಾಯಿತಿಯವರು ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಲ್ಲ.

ಕೊನೆಗೆ ನಮ್ಮ ಶಾಲೆಗಳ ಮೇಷ್ಟ್ರಿಗೆ, ಟೀಚರಮ್ಮನವರಿಗೆ ಒಂದು ಬೇಡಿಕೆ. ಮಗುವಿಗೆ ಇರುವುದು ಒಂದು ಜೊತೆ, ಹೆಚ್ಚೆಂದರೆ ಎರಡು ಜೊತೆ ಸಮವಸ್ತ್ರ. ಶಾಲೆಗೆ ಬರುವ ದಾರಿಯಲ್ಲಿ ಒಂದು ನೆನೆಯುತ್ತದೆ, ಮನೆಯ ಹಗ್ಗದ ಮೇಲೆ ಇನ್ನೊಂದು ಆರಿರುವುದಿಲ್ಲ. ಮಳೆ ಹೊಳವಾಗುವವರೆಗೆ, ಬಣ್ಣದ ಬಟ್ಟೆಯಲ್ಲಿ ಬಂದ ಮಗುವನ್ನು ದಯವಿಟ್ಟು ಬಾಗಿಲ ಹೊರಗೆ ನಿಲ್ಲಿಸಬೇಡಿ.